ಹಿಡಿ ಮಣ್ಣಿನ ಪೆಟ್ಟಿ ಕೇಸು

ಪೊಲೀಸರ ಕಾಗದದಲ್ಲಿ ನಾನು ಎ-ಒನ್, ಅಂದರೆ ಒಂದನೇ ಆರೋಪಿ. ಕಾನ್ವೆಂಟಿನಲ್ಲಿ ಓದಿದಷ್ಟು ವರ್ಷವೂ ಯಾವ ವಿಷಯದಲ್ಲೂ ಒಂದನೇ ಸ್ಥಾನ ಬಾರದವಳು ನಾನು. ಎಪ್ಪತ್ತು ದಾಟಿದ ಮೇಲೆ ಕೋಲಾರದ ಕೋರ್ಟಿನಲ್ಲಿ ಅದು ಸಿಕ್ಕಿತು. ಎ-ಟೂ ನನ್ನ ಎದುರು ಮನೆಯ ಹಾಲಿನಾಕೆ. ಸಮನ್ಸ್ ಬಂದ ದಿನ ಅವಳು ಕೇಳಿದ ಮೊದಲ ಪ್ರಶ್ನೆ, "ಗಂಟಲು ಹರ್ಕೊಂಡಿದ್ದು ನಾನು, ನೀವೆಂಗೆ ಮೇಡಂ ಫಸ್ಟು ಬಂದ್ರಿ?"

ಆರೋಪ ಹೀಗಿತ್ತು: ಸಾರ್ವಜನಿಕ ರಸ್ತೆಯಲ್ಲಿ ಅಸಭ್ಯವಾಗಿ ವರ್ತಿಸಿ, ಕೂಗಾಡಿ, ಓಡಾಟಕ್ಕೆ ಅಡ್ಡಿಪಡಿಸಿ, ಜನರಿಗೆ ಕಿರಿಕಿರಿ ಉಂಟುಮಾಡಿದ್ದು. ಇಂಗ್ಲಿಷಿನಲ್ಲಿ ಡಿಸಾರ್ಡರ್ಲಿ ಕಾಂಡಕ್ಟ್. ಕಾಂಡಕ್ಟ್ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನಮ್ಮ ಸಿಸ್ಟರುಗಳು ರಿಪೋರ್ಟ್ ಕಾರ್ಡಿನ ಕೊನೆಯ ಸಾಲಿನಲ್ಲಿ ನೀಲಿ ಇಂಕಿನಿಂದ 'ಕಾಂಡಕ್ಟ್: ವೆರಿ ಗುಡ್' ಎಂದು ಬರೆಯುತ್ತಿದ್ದರು. ಲೆಕ್ಕದಲ್ಲಿ ಫೇಲಾದ ವರ್ಷವೂ ಬರೆದರು. ಬಾಯಿ ಬಿಡದೆ ಕೂತಿರುವುದು ಒಂದೇ ನನಗೆ ಬರುತ್ತಿದ್ದ ವಿದ್ಯೆ. ಅದನ್ನೇ ಜೀವನಪೂರ್ತಿ ಮಾಡಿಕೊಂಡು ಬಂದೆ. ಇಂಗ್ಲಿಷ್ ಟೀಚರಾಗಿ ಊರಿನ ಮಕ್ಕಳಿಗೂ ಅದನ್ನೇ ಕಲಿಸಿ ರಿಟೈರ್ ಆದೆ.

ನಮ್ಮ ಬೀದಿ ಕೋಲಾರದ ಒಂದು ಹಳೆಯ ಬಡಾವಣೆಯಲ್ಲಿದೆ. ಅಗಲ ಕಡಿಮೆ, ಗತ್ತು ಜಾಸ್ತಿ. ಬೆಳಗಾದರೆ ನರಸಾಪುರದ ಫ್ಯಾಕ್ಟರಿಗೆ ಹೋಗುವ ಕಂಪನಿ ಬಸ್ಸು ನಮ್ಮ ಮೂಲೆಯಲ್ಲಿ ನಿಂತು ಯೂನಿಫಾರ್ಮಿನ ಹುಡುಗ ಹುಡುಗಿಯರನ್ನು ಹತ್ತಿಸಿಕೊಳ್ಳುತ್ತದೆ. ಅದರ ಹಿಂದೆ ಮಂಡಿಗೆ ಹೊರಟ ಟೊಮೆಟೊ ಗಾಡಿಗಳು ಕಾಯುತ್ತವೆ. ಎದುರು ಮನೆಯ ಹಾಲಿನಾಕೆ ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವಳು. ಕೋಪ ಬಂದರೆ ತೆಲುಗು, ಪ್ರೀತಿ ಬಂದರೂ ತೆಲುಗು, ಹಾಲಿನ ವಿಷಯಕ್ಕೆ ಮಾತ್ರ ಕನ್ನಡ. ಪೇಟೆಯ ನಡುವೆಯೇ ಹಸು ಕಟ್ಟಿಕೊಂಡು, ಒಬ್ಬಳೇ ಮಗಳನ್ನು ಬಿ.ಕಾಂ. ಓದಿಸಿ, ಮಾಲೂರಿಗೆ ಮದುವೆ ಮಾಡಿ ಕೊಟ್ಟಿದ್ದಳು. ಆ ಮಗಳು ಚೊಚ್ಚಲ ಹೆರಿಗೆಗೆಂದು ತಾಯಿಮನೆಗೆ ಬಂದಿದ್ದಳು. ತುಂಬಿದ ಬಸುರಿ. ಮಧ್ಯಾಹ್ನ ತಾಯಿ ಮಲಗಿದಾಗ ಬೀದಿ ದಾಟಿ ನನ್ನ ಮನೆಗೆ ಬರುತ್ತಿದ್ದಳು. ನನ್ನ ಈಸಿಚೇರಿನಲ್ಲಿ ಕೂತು ಕಾಲು ಚಾಚಿ, ಕಿಟಕಿಯಾಚೆಯ ಮಾವಿನ ಮರ ನೋಡುತ್ತಿದ್ದಳು.

ಆ ಮರ ನನ್ನ ಹೆಮ್ಮೆ. ಶ್ರೀನಿವಾಸಪುರದ ನರ್ಸರಿಯಿಂದ ಕಸಿ ಗಿಡ ತಂದು ನೆಟ್ಟಿದ್ದೆ. ಇಷ್ಟು ವರ್ಷ ಬರೀ ಎಲೆ ತೋರಿಸಿ ಆಟ ಆಡಿಸಿ, ಈ ಸಲ ಮೊದಲ ಬಾರಿಗೆ ಕಾಯಿ ಬಿಟ್ಟಿತ್ತು. ಕಾಯಿ ಇನ್ನೂ ಗಟ್ಟಿ, ಆದರೆ ತೊಟ್ಟಿನ ಹತ್ತಿರ ಹಳದಿ ಇಣುಕುತ್ತಿತ್ತು.

"ಮೇಡಂ, ಒಂದು ಕಿತ್ಕೊಳ್ಳಾ?" ಎಂದು ಅವಳು ದಿನಾ ಕೇಳುತ್ತಿದ್ದಳು.

"ದೋರಗಾಯಿ ಆಗಲಿ ಕಣೇ. ಇನ್ನೊಂದು ವಾರ ವೇಟ್ ಮಾಡು. ಎಲ್ಲ ನಿನಗೇ ಇಟ್ಟಿರೋದು," ಎಂದು ನಾನೂ ದಿನಾ ಹೇಳುತ್ತಿದ್ದೆ. ಬಯಕೆಯ ಹೆಣ್ಣಿಗೆ ಡಿಸಿಪ್ಲಿನ್ ಕಲಿಸಲು ಹೊರಟ ಮಹಾತಾಯಿ ನಾನು.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಮರದಲ್ಲಿ ಎಲೆ ಮಾತ್ರ ಇತ್ತು. ಒಂದು ಕಾಯಿಯೂ ಉಳಿದಿರಲಿಲ್ಲ. ನಾನು ಮಾಡಿದ್ದು ಇಷ್ಟೇ: ವರಾಂಡದಲ್ಲಿ ನಿಂತು "ಓ ಡಿಯರ್" ಅಂದೆ. ಹಾಲು ಹಾಕಲು ಬಂದ ಹಾಲಿನಾಕೆ ಮರ ನೋಡಿದಳು, ನನ್ನ ನೋಡಿದಳು, ಕ್ಯಾನು ನೆಲಕ್ಕೆ ಕುಕ್ಕಿದಳು.

"ಓ ಡಿಯರ್ರಾ? ಬಸುರಿ ಬಾಯಿಗೆ ಇಟ್ಟಿದ್ದು ಕಿತ್ಕೊಂಡೋಗವ್ರೆ, ಓ ಡಿಯರ್ ಅಂತೀರಲ್ಲ! ಬನ್ನಿ ಆಚೆಗೆ. ಮಣ್ಣು ತೂರಬೇಕು."

ಮಣ್ಣು ತೂರುವುದು ಎಂದರೆ ಏನೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ, ನನಗೆ ಹೇಳಬೇಕಾಯಿತು. ಕದ್ದವರು ಯಾರೆಂದು ತಿಳಿಯದಾಗ ನಡುಬೀದಿಯಲ್ಲಿ ನಿಂತು, ಹೆಸರು ಹಿಡಿಯದೆ ಬೈದು ಶಾಪ ಹಾಕಿ, ಒಂದು ಹಿಡಿ ಮಣ್ಣನ್ನು ಆಕಾಶಕ್ಕೆ ಎಸೆಯಬೇಕು. ಶಾಪ ತಾನೇ ಕಳ್ಳನ ಮನೆ ಹುಡುಕಿಕೊಂಡು ಹೋಗುತ್ತದಂತೆ. ಪೋಸ್ಟಲ್ ಅಡ್ರೆಸ್ ಬೇಡ.

ನಾನು ಬೀದಿಗೆ ಇಳಿದೆ. ಯಾಕೆ ಇಳಿದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಮಾವಿನಕಾಯಿಗಾಗಿಯೇ ಇರಬಹುದು. ಅಥವಾ ಈ ವಯಸ್ಸಿನವರೆಗೆ ಒಮ್ಮೆಯಾದರೂ ಗಂಟಲು ಬಿಟ್ಟು ಕೂಗಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು ಎಲ್ಲೋ ಒಳಗೆ ಕೂತಿತ್ತೋ ಏನೋ. ಮನೆಯಲ್ಲಿ ಉಡುವ ವಾಯಿಲ್ ಸೀರೆಯಲ್ಲೇ, ಕಾಲಿಗೆ ಬಾತ್‌ರೂಮ್ ಚಪ್ಪಲಿಯಲ್ಲೇ, ನಡುಬೀದಿಯಲ್ಲಿ ನಿಂತು ಎಲೊಕ್ಯೂಷನ್ ಕ್ಲಾಸಿನಲ್ಲಿ ಕಲಿಸಿದಂತೆ ಹೊಟ್ಟೆಯಿಂದ ಉಸಿರೆಳೆದು ಕೂಗಿದೆ:

"ಶೇಮ್ ಆನ್ ಯೂ! ಹ್ಯಾವ್ ಯೂ ನೋ ಮ್ಯಾನರ್ಸ್? ಯೂ ಇಲ್-ಬ್ರೆಡ್, ಗ್ರೀಡಿ ಫೆಲೋ!"

ಹಾಲಿನಾಕೆ ತಿರುಗಿ ನೋಡಿದಳು. "ಮೇಡಂ, ಕಳ್ಳನ್ನ ಬೈತಿದ್ದೀರೋ, ಕ್ಲಾಸಿಂದ ಆಚೆ ನಿಲ್ಲಿಸ್ತಿದ್ದೀರೋ? ನೀವು ಸುಮ್ನೆ ಮಣ್ಣು ತೂರಿ. ಬಾಯಿ ನಾನು ನೋಡ್ಕೊಂತೀನಿ."

ಹೀಗೆ ಕೆಲಸ ಹಂಚಿಕೆಯಾಯಿತು. ಅವಳು ಸೆರಗು ಸೊಂಟಕ್ಕೆ ಸಿಗಿಸಿ ಶುರು ಮಾಡಿದಳು. ಆ ಮಾತುಗಳಲ್ಲಿ ಮುಕ್ಕಾಲು ಪಾಲನ್ನು ಇಲ್ಲಿ ಬರೆಯಲಾರೆ. ಕಾಲು ಪಾಲು ತೆಲುಗು, ನನಗೆ ಅರ್ಥವಾಗಲಿಲ್ಲ. ಕೊನೆಗೆ ಎಲ್ಲರಿಗೂ ಅರ್ಥವಾಗುವ ಹಾಗೆ ಕೂಗಿದಳು: "ನನ್ನ ಬಸುರಿ ಮಗಳ ಬಾಯಿಂದ ಯಾರು ಕಿತ್ಕೊಂಡ್ರೋ, ಅವರ ಮನೆ ತೊಟ್ಟಿಲು ಬರಿದಾಗಲಿ!" ಅವಳು ಕಣ್ಣಿನಲ್ಲೇ ಸನ್ನೆ ಮಾಡಿದಳು. ನಾನು ರಸ್ತೆಯಂಚಿನ ಮಣ್ಣು ಬಾಚಿ ಮೇಲಕ್ಕೆ ತೂರಿದೆ. ಗಾಳಿ ನನ್ನ ಕಡೆಗೇ ಇತ್ತು. ಅರ್ಧ ನನ್ನ ತಲೆಗೇ ಬಿತ್ತು. ಬಂದ ಖುಷಿ ಮಾತ್ರ ಎಷ್ಟೆಂದರೆ, ಅವಳು ಹೇಳದಿದ್ದರೂ ಇನ್ನೊಂದು ಹಿಡಿ ತೂರಿದೆ.

ಅಷ್ಟರಲ್ಲಿ ನರಸಾಪುರದ ಬಸ್ಸು ಬಂದು ನಮ್ಮ ಮುಂದೆ ನಿಂತಿತ್ತು. ಅದರ ಹಿಂದೆ ಟೊಮೆಟೊ ಗಾಡಿಗಳು, ಆಟೋಗಳು, ಸ್ಕೂಲ್ ವ್ಯಾನು. ಬೀದಿ ಈ ತುದಿಯಿಂದ ಆ ತುದಿಗೆ ಬಿಗಿಯಾಯಿತು. ಆದರೆ ಒಬ್ಬನೂ ಹಾರ್ನ್ ಹೊಡೆಯಲಿಲ್ಲ. ಬಸ್ಸಿನ ಡ್ರೈವರು ವೇಮಗಲ್ ಕಡೆಯವನು. ಸ್ಟೀರಿಂಗ್ ಮೇಲೆ ಕೈ ಕಟ್ಟಿಕೊಂಡು ಆಕಾಶ ನೋಡುತ್ತಾ ಕೂತುಬಿಟ್ಟ. ಕಿಟಕಿಯಲ್ಲಿದ್ದ ಹುಡುಗಿಯರು ಬಾಯಿಗೆ ಟವೆಲ್ ಒತ್ತಿಕೊಂಡರು. ಕೋಲಾರದಲ್ಲಿ ಹಾರ್ನ್ ಇಲ್ಲದ ಟ್ರಾಫಿಕ್ ಜಾಮ್ ನಾನು ನೋಡಿದ್ದು ಅದೊಂದೇ. ಇದು ನಮ್ಮ ಮೇಲಿನ ಗೌರವ ಎಂದು ಆಗ ನಾನು ತಿಳಿದೆ. ಅಸಲಿಗೆ ಅದು ಪದ್ಧತಿ. ಹೆಸರಿಲ್ಲದೆ ಬೈಯುವಾಗ ಯಾರೂ ಉತ್ತರ ಕೊಡಬಾರದು. ಯಾರು ಉತ್ತರ ಕೊಟ್ಟರೋ ಅವರೇ ಕಳ್ಳ. ಹಾರ್ನ್ ಹೊಡೆದರೂ ಉತ್ತರ ಕೊಟ್ಟಂತೆಯೇ.

ಈ ಪದ್ಧತಿ ಗೊತ್ತಿಲ್ಲದ ಒಬ್ಬರು ಆ ಜಾಮಿನಲ್ಲಿ ಸಿಕ್ಕಿಕೊಂಡಿದ್ದರು. ಹುಬ್ಬಳ್ಳಿಯ ಆಚೆಯಿಂದ ಹೊಸದಾಗಿ ವರ್ಗವಾಗಿ ಬಂದ ಸಬ್ ಇನ್ಸ್‌ಪೆಕ್ಟರು. ಜೀಪಿನಿಂದ ಇಳಿದು ಸರಸರ ಬಂದರು.

"ಏನ್ ನಡಸೀರಿ ಇಲ್ಲಿ? ಯಾರಿಗ್ ಬೈಯಾಕತ್ತೀರಿ? ನಾವೇನ್ ಮಾಡೀವಿ ನಿಮಗ?"

ಬಸ್ಸಿನವರಿಗೆ ಇನ್ನು ತಡೆಯಲಾಗಲಿಲ್ಲ. ಅಷ್ಟು ಹೊತ್ತು ತಡೆದಿದ್ದ ನಗು ಎಲ್ಲ ಕಿಟಕಿಗಳಿಂದ ಒಮ್ಮೆಲೇ ಹೊರಬಿತ್ತು. ಮೂಲೆ ಅಂಗಡಿಯ ಟೈಲರ್ ಸಾಬರು ಮಿಷನ್ ನಿಲ್ಲಿಸಿ, ನಿಜವಾದ ಮರುಕದಿಂದ ಹೇಳಿದರು: "ಅರೆ ಸಾಬ್, ಕಾಯ್ಕು ಬಾಯಿ ಬಿಟ್ರಿ? ಇಷ್ಟೊತ್ತು ಎಲ್ಲ ಚುಪ್ ಇದ್ರು. ಈಗ ಮಾವಿನಕಾಯಿ ನಿಮ್ಮ ಹೊಟ್ಟೇಲಿ ಐತೆ ಅಂತ ಆಯ್ತಲ್ಲ!"

ಸಬ್ ಇನ್ಸ್‌ಪೆಕ್ಟರ ಕಿವಿ ಕೆಂಪಾಯಿತು. ಯಾವ ಮಾವಿನಕಾಯಿ ಎಂದು ಅವರಿಗೆ ಪಾಪ ಗೊತ್ತಿರಲಿಲ್ಲ, ತಾವು ನಗೆಪಾಟಲಾದದ್ದು ಮಾತ್ರ ಗೊತ್ತಾಯಿತು. ಇಬ್ಬರ ಹೆಸರೂ ಬರೆಸಿದರು. "ಮಣ್ಣು ಎಸೆದಾಕಿ ಯಾರು?" ಎಂದರು. ಮೆಡಲ್ ಕೊಡಲು ಕರೆಯುತ್ತಿದ್ದಾರೇನೋ ಎಂಬಂತೆ ನಾನು ಒಂದು ಹೆಜ್ಜೆ ಮುಂದೆ ಬಂದು "ಐ ಡಿಡ್, ಆಫೀಸರ್" ಅಂದೆ. ಎ-ಒನ್ ಆದದ್ದು ಹಾಗೆ.

ಸಮನ್ಸ್ ಬಂದಾಗ ಒಬ್ಬ ಲಾಯರ ಹತ್ತಿರ ಹೋದೆವು. ನನ್ನ ಹಳೆಯ ಸ್ಟೂಡೆಂಟು. ನನ್ನ ಕಂಡೊಡನೆ ಈಗಲೂ ಎದ್ದು ನಿಲ್ಲುತ್ತಾನೆ. ಕಾಗದ ಓದಿ ನಗು ನುಂಗಿದ.

"ಮ್ಯಾಮ್, ಇದು ಭಾಳ ಚಿಕ್ಕ ಅಪರಾಧ. ಕಳ್ಳತನ ಅಲ್ಲ, ಹೊಡೆದಾಟ ಅಲ್ಲ. ಪೆಟ್ಟಿ ಕೇಸು."

"ಅಪರಾಧ ಯಾವುದಪ್ಪ ಇದರಲ್ಲಿ? ಕೂಗಿದ್ದಾ?"

"ಬರೀ ಕೂಗಿದ್ರೆ ಅಲ್ಲ. ಮದುವೆ ಮೆರವಣಿಗೇಲಿ ಕೂಗ್ತಾರೆ, ಮ್ಯಾಚ್ ಗೆದ್ರೆ ಕೂಗ್ತಾರೆ. ನೀವು ಕೂಗಿದ್ರಿಂದ ರಸ್ತೇಲಿದ್ದ ಜನಕ್ಕೆ ಕಿರಿಕಿರಿ ಆಯ್ತಲ್ಲ, ಅದು."

ಹಾಗಾದರೆ ಅಪರಾಧ ನನ್ನ ಬಾಯಲ್ಲಿಲ್ಲ, ಇನ್ನೊಬ್ಬರ ಕಿವಿಯಲ್ಲಿದೆ. ಯೋಚಿಸಿದರೆ ನನ್ನ ಇಡೀ ಬದುಕು ಇದೇ ಕಾನೂನಿನ ಕೆಳಗೆ ನಡೆದಿತ್ತು. ಯಾರಿಗೂ ಕಿರಿಕಿರಿ ಆಗಬಾರದು. ಸೀನುವಾಗ ಕರ್ಚೀಫು. ಬಸ್ಸಿನಲ್ಲಿ ಕಾಲು ತುಳಿದವನಿಗೆ ನಾನೇ ಸಾರಿ. ಅದನ್ನು ಯಾವ ಪೊಲೀಸರೂ ಹೇಳಿಕೊಟ್ಟದ್ದಲ್ಲ.

"ತಪ್ಪಾಯ್ತು ಅಂತ ಒಪ್ಕೊಂಡು ದಂಡ ಕಟ್ಟಿಬಿಡಿ ಮ್ಯಾಮ್, ಅಲ್ಲಿಗೆ ಮುಗೀತು," ಎಂದ ಲಾಯರು. ಹೊಸ ಕಾನೂನಿನಲ್ಲಿ ಸಣ್ಣ ತಪ್ಪಿಗೆ ಸಮಾಜ ಸೇವೆಯ ಶಿಕ್ಷೆ ಇದೆಯೆಂದು ಪೇಪರಿನಲ್ಲಿ ಓದಿದ್ದೆ. ಆಸೆಯಿಂದ ಕೇಳಿದೆ. ಬೀದಿಯ ಗಲಾಟೆಗಾದರೆ ಅದು ಕುಡಿದು ಮಾಡಿದವರಿಗೆ ಮಾತ್ರವಂತೆ. ಎಲ್ಲದರಲ್ಲೂ ಅರ್ಧಂಬರ್ಧ ನಾನು.

ಹಾಲಿನಾಕೆ ಕುರ್ಚಿಯಿಂದ ಎದ್ದಳು. "ಯಾವ್ದು ತಪ್ಪಾಯ್ತು ಅನ್ನೋದು? ಮೇಡಂ, ನೀವು ಹಂಗಂದೀರಾ ಹುಷಾರು. ಮಣ್ಣು ಯಾರ ಕೈಯಿಂದ ಹೋಯ್ತೋ ಶಾಪ ಅವರ್ದು. ತಪ್ಪಾಯ್ತು ಅಂದ್ರೆ ವಾಪಸ್ ಕರೆದಂಗೆ. ವಾಪಸ್ ಕರೆದ ಶಾಪ ಕಳ್ಳನ ಮನೆ ಬಿಟ್ಟು ನೇರ ನಿಮ್ಮ ಮನೆಗೆ ಬಂದು ಕೂರುತ್ತೆ."

"ಬಂದು ಏನು ಮಾಡುತ್ತೆ ಕಣೇ? ನನ್ನ ಮನೆಯಲ್ಲಿ ತೊಟ್ಟಿಲೆಲ್ಲಿದೆ?"

"ಥೂ! ಬಾಯ್ ತೊಳ್ಕೊಳ್ಳಿ."

ನನ್ನ ಮನೆಯಲ್ಲಿ ತೊಟ್ಟಿಲು ಎಂದೂ ಇರಲಿಲ್ಲ. ಒಂದು ಕಾಲಕ್ಕೆ ಬರಬಹುದೆಂಬ ಸೂಚನೆ ಇತ್ತು. ಒಳ್ಳೆಯ ಮನೆಯವರು ಕೇಳಿಕೊಂಡು ಬಂದಿದ್ದರು. ನಾನು 'ಯೋಚನೆ ಮಾಡಿ ಹೇಳ್ತೀನಿ' ಅಂದೆ. ಮರ್ಯಾದಸ್ಥ ಹುಡುಗಿ ತಕ್ಷಣ ಹೂಂ ಅನ್ನಬಾರದೆಂದು ಎಲ್ಲೋ ಓದಿದ್ದೆ. ನಾನು ಯೋಚನೆ ಮುಗಿಸುವಷ್ಟರಲ್ಲಿ ಹುಡುಗನಿಗೆ ಬೇರೆ ಕಡೆ ಮದುವೆಯಾಗಿ ಸ್ವೀಟ್ ಬಾಕ್ಸ್ ಕೂಡ ಬಂದಿತ್ತು. ಚೆನ್ನಾಗಿತ್ತು, ಬಾದಾಮಿ ಬರ್ಫಿ.

ಸರಿ, ತಪ್ಪು ಒಪ್ಪುವುದು ಬೇಡ, ಕೇಸು ನಡೆಸೋಣ ಎಂದು ಮೂವರೂ ತೀರ್ಮಾನಿಸಿದೆವು. ಲಾಯರಿಗೆ ಧೈರ್ಯವಿತ್ತು. ಹಾರ್ನ್ ಕೂಡ ಹೊಡೆಯದ ಜನ ಕಿರಿಕಿರಿ ಆಯಿತೆಂದು ಸಾಕ್ಷಿ ಹೇಳಲು ಬರುತ್ತಾರೆಯೇ?

ಕೋರ್ಟಿನ ದಿನಕ್ಕೆ ಸ್ವಲ್ಪ ದಿನ ಮುಂಚೆ, ಒಂದು ಮಧ್ಯಾಹ್ನ, ಹಾಲಿನಾಕೆಯ ಮಗಳು ಬಂದಳು. ಮಣ್ಣು ತೂರಿದ ದಿನದಿಂದ ಅವಳು ಬಂದಿರಲಿಲ್ಲ. ಬಿಸಿಲು, ಸುಸ್ತು ಎಂದು ತಾಯಿ ಹೇಳಿದ್ದಳು. ಈಸಿಚೇರಿನಲ್ಲಿ ಕೂರಲಿಲ್ಲ. ಗೋಡೆಗೆ ಒರಗಿ ನಿಂತಳು. ಮುಖ ಊದಿತ್ತು, ಕಣ್ಣ ಕೆಳಗೆ ಕಪ್ಪು.

"ಮೇಡಂ, ನಾನೇ."

"ನೀನೇ ಏನು?"

"ಮಾವಿನಕಾಯಿ."

ಕಥೆ ಇಷ್ಟು. ಗಂಡ ಮಾಲೂರಿನಿಂದ ನೋಡಲು ಬಂದಿದ್ದ. ಇವಳಿಗೆ ಕಾಯುವುದು ಆಗಲಿಲ್ಲ. ಬೆಳಕು ಹರಿಯುವ ಮುನ್ನ ಅವನು ಗೋಡೆ ಹತ್ತಿದ, ಇವಳು ಕೆಳಗೆ ಸೆರಗೊಡ್ಡಿ ನಿಂತಳು. ಒಂದೆರಡು ಸಾಕು ಅಂದಿದ್ದಳು. ಅವನು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಸೆಕ್ಷನ್ನಿನವನು. ಒಂದೂ ಬಿಡದೆ ಇಳಿಸಿದ. ಇವಳು ತಿಂದು ಉಳಿದದ್ದನ್ನು ಮೊದಲ ಬಸ್ಸಿಗೆ ಮಾಲೂರಿಗೆ ಒಯ್ದ. ಅತ್ತೆ ಉಪ್ಪಿನಕಾಯಿ ಹಾಕಿದ್ದರು.

"ಅವತ್ತು ಅಮ್ಮ ಕೂಗಿದ್ದು ಒಳಗಿಂದ ಕೇಳ್ತಾ ಇದ್ದೆ ಮೇಡಂ. ತೊಟ್ಟಿಲು ಬರಿದಾಗಲಿ ಅಂದಾಗ ಹೊಟ್ಟೇಲಿ ಒದೀತು. ಆಮೇಲೆ ಎರಡು ದಿನ ಅಲುಗಾಡಲೇ ಇಲ್ಲ ಅನ್ನಿಸ್ತು. ಡಾಕ್ಟ್ರು ಸರಿಯಾಗಿದೆ ಅಂದ್ರು, ಆದ್ರೆ ಬಿ.ಪಿ. ಜಾಸ್ತಿ ಆಗಿದೆ, ನಿದ್ದೆ ಮಾಡು ಅಂದ್ರು. ಎಲ್ಲಿಂದ ಬರುತ್ತೆ ನಿದ್ದೆ?"

"ನೀನು ಗ್ರಾಜುಯೇಟ್ ಕಣೇ. ಇದೆಲ್ಲ ಸೂಪರ್‌ಸ್ಟಿಷನ್."

"ನನಗೂ ನಂಬಿಕೆ ಇಲ್ಲ ಮೇಡಂ. ಹೊಟ್ಟೇಲಿರೋದಕ್ಕೆ ಇದ್ಯೋ ಇಲ್ವೋ ಯಾರಿಗೆ ಗೊತ್ತು?"

ಅಮ್ಮನಿಗೆ ಹೇಳಿಬಿಡು ಅಂದೆ. ಅವಳು ಬೆಚ್ಚಿದಳು. "ಹೇಳಿದ್ರೆ ಅಮ್ಮ ಸತ್ತೇ ಹೋಗ್ತಾಳೆ. ಮಗಳ ತೊಟ್ಟಿಲಿಗೆ ತಾನೇ ಶಾಪ ಹಾಕಿದ್ದು ಅಂತ ಗೊತ್ತಾದ್ರೆ ಅವಳು ಉಳೀತಾಳಾ?" ಆಮೇಲೆ ಮೆಲ್ಲಗೆ ಅಂದಳು: "ಮಣ್ಣು ತೂರಿದ್ದು ನೀವಲ್ವಾ ಮೇಡಂ. ನೀವು ವಾಪಸ್ ತಗೊಂಡ್ರೆ... ಕೋರ್ಟಲ್ಲಿ, ಎಲ್ಲರೆದುರಿಗೆ..." ಅರ್ಧಕ್ಕೇ ನಿಲ್ಲಿಸಿ ಅತ್ತಳು. ವಾಪಸ್ ತಗೊಂಡರೆ ಅದು ಎಲ್ಲಿಗೆ ಬರುತ್ತದೆಂದು ಅವಳಿಗೂ ಗೊತ್ತಿತ್ತು.

ನನಗೆ ನಗು ಬಂತು, ಆಮೇಲೆ ಬರಲಿಲ್ಲ. ನನ್ನ ಮನೆಗೆ ಬಂದರೆ ಆ ಶಾಪಕ್ಕೆ ಮಾಡಲು ಕೆಲಸವೇ ಇಲ್ಲ. ಈಸಿಚೇರಿನಲ್ಲಿ ಕೂತು ನನ್ನ ಜೊತೆ ಪೇಪರ್ ಓದಬಹುದು ಅಷ್ಟೆ. "ಹೋಗು, ಮಲಗು. ಐ ವಿಲ್ ಸೀ ಟು ಇಟ್," ಅಂದೆ.

ಕೋರ್ಟಿಗೆ ನಾನು ರೇಷ್ಮೆ ಸೀರೆ ಉಟ್ಟು ಹೋದೆ. ಅಸಭ್ಯ ವರ್ತನೆಯ ಆರೋಪಿ ಹೇಗೆ ಉಡಬೇಕೆಂದು ಗೊತ್ತಿರಲಿಲ್ಲ. ಹಾಲಿನಾಕೆ ತಾನು ಒಳ್ಳೆಯ ಸಾಕ್ಷಿ ಹೇಳಬೇಕೆಂದು ವೀಳ್ಯದೆಲೆ ಜಗಿಯುತ್ತಾ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಮಗಳು, ಮನೆಯಲ್ಲೇ ಇರು ಅಂದರೂ ಕೇಳದೆ, ಆಟೋ ಹತ್ತಿ ಬಂದು, ಬಾಗಿಲ ಬಳಿಯ ಬೆಂಚಿನಲ್ಲಿ ಕೂತಳು. ತನ್ನ ಕಿವಿಯಿಂದಲೇ ಕೇಳಬೇಕಿತ್ತು ಅವಳಿಗೆ.

ಮ್ಯಾಜಿಸ್ಟ್ರೇಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನನ್ನು ಕಂಡು ಮೊದಲು ಹೇಳಿದ್ದೇ "ಅಮ್ಮನಿಗೆ ಒಂದು ಕುರ್ಚಿ ಕೊಡಿ." ಆಮೇಲೆ ಸಬ್ ಇನ್ಸ್‌ಪೆಕ್ಟರ ಕಡೆ ತಿರುಗಿ ಯಾರಿಗೆ ತೊಂದರೆಯಾಯಿತೆಂದು ಕೇಳಿದರು. ಆ ಮನುಷ್ಯನಿಗೆ ಅಷ್ಟರಲ್ಲಿ ನಮ್ಮ ಸೀಮೆಯ ಪದ್ಧತಿಯ ಪಾಠ ಚೆನ್ನಾಗಿ ಆಗಿತ್ತು. ಸ್ಟೇಷನ್ನಿನಲ್ಲೇ ಬೆನ್ನ ಹಿಂದೆ 'ಮಾವಿನಕಾಯಿ ಸಾಹೇಬರು' ಎಂದು ಹೆಸರಾಗಿತ್ತಂತೆ.

"ಯಾರಿಗೂ ಏನೂ ತ್ರಾಸ ಆಗಿಲ್ರಿ ಮೇಡಂ," ಎಂದರು ನೆಲ ನೋಡುತ್ತಾ.

"ನಿಮಗೆ?"

"ನನಗಂತೂ ಏನೂ ಆಗಿಲ್ರಿ. ನಾ ಮಾವಿನಕಾಯಿ ತಿನ್ನೂದೇ ಇಲ್ರಿ."

ಕೋರ್ಟೆಲ್ಲ ನಕ್ಕಿತು. ಮ್ಯಾಜಿಸ್ಟ್ರೇಟರೂ ಫೈಲು ಮುಖಕ್ಕೆ ಅಡ್ಡ ಹಿಡಿದರು. "ಕಿರಿಕಿರಿಯೇ ಇಲ್ಲದ ಮೇಲೆ ಇದರಲ್ಲಿ ಉಳಿದದ್ದೇನು?" ಎಂದು ಪೆನ್ನು ಎತ್ತಿದರು. ನನ್ನ ಲಾಯರು ಗೆದ್ದ ಮುಖದಿಂದ ನನ್ನತ್ತ ನೋಡಿದ. ಹಾಲಿನಾಕೆ ಮೊಣಕೈಯಿಂದ ತಿವಿದಳು. ಬಾಗಿಲ ಬಳಿ ಮಗಳ ಮುಖ ಮಾತ್ರ ಸುಣ್ಣದಂತಾಗಿತ್ತು. ಕೇಸು ಬಿದ್ದುಹೋದರೆ ಶಾಪ ಹಾಗೆಯೇ ಉಳಿಯುತ್ತದೆ.

ನಾನು ಕುರ್ಚಿಯಿಂದ ಎದ್ದೆ. "ಐ ಪ್ಲೀಡ್ ಗಿಲ್ಟಿ, ಯುವರ್ ಆನರ್."

ಪೆನ್ನು ನಿಂತಿತು. "ಅಮ್ಮ, ಕೂತ್ಕೊಳ್ಳಿ. ನೀವು ಏನೂ ಒಪ್ಕೊಳ್ಳಬೇಕಾಗಿಲ್ಲ."

"ನಾನು ಕೂರೋದಿಲ್ಲ. ನಾನು ತಪ್ಪು ಮಾಡಿದ್ದೀನಿ."

"ಮ್ಯಾಮ್, ಪ್ಲೀಸ್," ಎಂದ ಲಾಯರು. ನನ್ನ ಕ್ಲಾಸಿನಲ್ಲಿ ಉತ್ತರ ಬಾರದಾಗ ಅವನ ಮುಖ ಹೇಗಿರುತ್ತಿತ್ತೋ ಹಾಗೆಯೇ ಇತ್ತು.

"ಯಾರಿಗೂ ತೊಂದರೆ ಆಗಿಲ್ಲ ಅಂತ ಪೊಲೀಸರೇ ಹೇಳ್ತಿದ್ದಾರೆ," ಎಂದರು ಮ್ಯಾಜಿಸ್ಟ್ರೇಟರು, ಅಜ್ಜಿಗೆ ಮಾತ್ರೆ ನುಂಗಿಸುವ ದನಿಯಲ್ಲಿ.

"ನನಗೆ ಆಗಿದೆ. ನನ್ನ ಕೂಗಿನಿಂದ ನನಗೇ ಕಿರಿಕಿರಿ ಆಗಿದೆ. ರಸ್ತೇಲಿ ನಾನೂ ಇದ್ದೆ. ನಾನೂ ಪಬ್ಲಿಕ್ಕೇ ಅಲ್ಲವೇ?"

ಇದು ಕಾನೂನಿನಲ್ಲಿ ನಿಲ್ಲುವ ಮಾತೋ ಅಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಆ ಹೆಣ್ಣುಮಗಳು ಪೆನ್ನು ಕೆಳಗಿಟ್ಟರು. ಬಿಟ್ಟುಬಿಡುತ್ತೇವೆ ಅಂದರೂ ಹೋಗದ ಅಪರಾಧಿ ಅವರಿಗೆ ಹೊಸಬಳು. ಸಭ್ಯತೆ ಮೈಗೆ ಹತ್ತಿದರೆ ಇದೇ ಕಷ್ಟ, ಅಸಭ್ಯಳು ಎಂದು ನಂಬಿಸಲು ಕೋರ್ಟಿನಲ್ಲಿ ನಿಂತು ಜಗಳ ಆಡಬೇಕು. ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ, ಬಾಗಿಲಿನವರೆಗೆ ಕೇಳುವಂತೆ ಹೇಳಿದೆ: "ಅವತ್ತು ಮಣ್ಣು ತೂರಿದವಳು ನಾನು. ಮಣ್ಣೂ ನನ್ನದು, ಅದರ ಜೊತೆ ಹೋದ ಮಾತೂ ನನ್ನದು. ತಪ್ಪಾಯ್ತು. ಎಲ್ಲಾನೂ ವಾಪಸ್ ತಗೊಂಡಿದ್ದೀನಿ."

"ಅಯ್ಯೋ ನಾ ತಲ್ಲೀ! ಏನಂದುಬಿಟ್ರಿ!" ಎಂದು ಹಾಲಿನಾಕೆ ಎದೆ ಹೊಡೆದುಕೊಂಡಳು. "ಸ್ವಾಮಿ, ಬರೀಬೇಡಿ! ಅವರಿಗೆ ಬಿಸಿಲಿಗೆ ತಲೆ ತಿರುಗೈತೆ! ಬರೀಬೇಡಿ ತಾಯೀ!"

ಅವಳನ್ನು ಸುಮ್ಮನಿರಿಸಲು ಕೋರ್ಟಿನ ಕಾನ್‌ಸ್ಟೇಬಲ್ ಬರಬೇಕಾಯಿತು. ಇನ್ನೊಂದು ಪೆಟ್ಟಿ ಕೇಸು ಅಲ್ಲೇ ಹುಟ್ಟುತ್ತಿತ್ತು. ಕೊನೆಗೆ ನನ್ನ ತಪ್ಪೊಪ್ಪಿಗೆ ಬರೆದುಕೊಂಡರು. ಸಣ್ಣ ದಂಡ ಹಾಕಿದರು. ಎ-ಟೂ ಬಿಡುಗಡೆಯಾದಳು. ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಹುಡುಗಿ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಬೆಂಚಿಗೆ ಒರಗಿ, ಕಣ್ಣು ಮುಚ್ಚಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ನಿದ್ದೆ ಬಂದಿತ್ತು.

ಹೊರಗೆ ಸಬ್ ಇನ್ಸ್‌ಪೆಕ್ಟರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಅಮ್ಮಾರ, ನಾ ಅಷ್ಟೆಲ್ಲಾ ಹೇಳಿ ಕೇಸ್ ಕೆಡಿಸೀನಿ. ನೀವ್ ಹಿಂಗ್ ಮಾಡಿದ್ರಲ್ಲರೀ?"

"ಸಾರಿ, ಆಫೀಸರ್," ಅಂದೆ. ಅಭ್ಯಾಸಬಲ.

ಹಾಲಿನಾಕೆ ನನ್ನ ಜೊತೆ ಒಂದೇ ಆಟೋದಲ್ಲಿ ಬರಲಿಲ್ಲ. ಅಂದಿನಿಂದ ಮಾತೂ ಇಲ್ಲ. ಹಾಲು ಮಾತ್ರ ತಪ್ಪಿಸಲಿಲ್ಲ, ಗೇಟಿನಾಚೆಯೇ ಇಟ್ಟು ಹೋಗುತ್ತಿದ್ದಳು. ಗೇಟು ಮುಟ್ಟುತ್ತಿರಲಿಲ್ಲ. ಶಾಪ ಒಳಗೆ ಬಂದು ಕೂತಿದೆಯಲ್ಲ. ಮಗಳನ್ನು ನನ್ನ ಕಡೆ ಬಿಡುವ ಪ್ರಶ್ನೆಯೇ ಇರಲಿಲ್ಲ. ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹೇಳಿದೆನಲ್ಲ, ಲೆಕ್ಕದಲ್ಲಿ ನಾನು ಮೊದಲಿನಿಂದಲೂ ಫೇಲು. ಮಧ್ಯಾಹ್ನಗಳು ಬಹಳ ಉದ್ದವಾದವು. ಈಸಿಚೇರಿನ ಬಟ್ಟೆಯಲ್ಲಿ ಅವಳ ಮೈಯ ಗುಳಿ ಹಾಗೆಯೇ ಉಳಿದಿತ್ತು. ಒಗೆಯಲು ಹಾಕಲಿಲ್ಲ. ಅವಳು ತನ್ನ ಮನೆಯ ತಾರಸಿಯಿಂದ ತಾಯಿಗೆ ಕಾಣದಂತೆ ಕೈ ಬೀಸುತ್ತಿದ್ದಳು. ಮುಖದ ಊತ ಇಳಿದಿತ್ತು. ಬೆರಳಿನಲ್ಲಿ ಸನ್ನೆ ಮಾಡಿ, ಒದೀತಿದೆ ಎಂದು ತೋರಿಸುತ್ತಿದ್ದಳು.

ಹೆರಿಗೆಯಾದ ಸುದ್ದಿ ನನಗೆ ತಂದದ್ದು ಟೈಲರ್ ಸಾಬರು. "ಅಮ್ಮಾ, ಬೇಟಿ ಹುಯೀ. ದೋನೋ ಅಚ್ಛೇ ಹೈಂ." ಹೆಣ್ಣು ಮಗು, ಇಬ್ಬರೂ ಕ್ಷೇಮ. ನಾನು ವರಾಂಡದಲ್ಲಿ ನಿಂತು ಗಟ್ಟಿಯಾಗಿ ಏನೋ ಕೂಗಿದೆನಂತೆ. ಅವರು ಹೇಳಿದ್ದು. ನನಗೆ ನೆನಪಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಕೆಲ ದಿನಗಳ ಮೇಲೆ, ಬಿಸಿಲು ಏರುವ ಮುನ್ನ, ಬೀದಿಯಿಂದ ಕೂಗು ಬಂತು. "ಮೇಡಂ! ಆಚೆಗ್ ಬನ್ನಿ!"

ಹಾಲಿನಾಕೆ ನಡುಬೀದಿಯಲ್ಲಿ ನಿಂತಿದ್ದಳು, ತೋಳಿನಲ್ಲಿ ಬಿಳಿ ಬಟ್ಟೆಯ ಸಣ್ಣ ಗಂಟು. ಹಿಂದೆ ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡ ಮಗಳು.

"ಒಳಗೆ ತರಲ್ಲ. ಆ ಮನೇಲಿ ಅದು ಕೂತೈತೆ. ನೀವೇ ಆಚೆ ಬನ್ನಿ," ಅಂದಳು. ನಾನು ಗೇಟು ದಾಟಿದೆ. "ಇಷ್ಟು ದಿನ ಯೋಚನೆ ಮಾಡ್ದೆ. ಓದ್ದೋರು, ಮೇಡಂ, ಸುಮ್‌ಸುಮ್ನೆ ಶಾಪಾನ ಮನೆಗೆ ಕರ್ಕೊಂತಾರಾ? ಯಾಕ್ ಹಂಗ್ ಮಾಡಿದ್ರಿ?"

ಮಗಳ ತುಟಿ ಅಲುಗಿತು. "ಅಮ್ಮಾ, ಅದು..." ಎಂದು ಒಂದು ಹೆಜ್ಜೆ ಮುಂದೆ ಬಂದಳು.

"ನನಗೆ ಕೋರ್ಟು ಅಂದರೆ ಭಯ ಕಣೇ," ಎಂದು ನಾನು ಅಡ್ಡ ಬಾಯಿ ಹಾಕಿದೆ. "ಸಿಸ್ಟರುಗಳು ಯಾರು ಮಾಡಿದ್ದು ಅಂತ ಕೇಳಿದಾಗಲೂ ಹೀಗೇ. ಮಾಡದಿದ್ದರೂ ನಾನೇ ಎದ್ದು ನಿಲ್ತಿದ್ದೆ."

ಹಾಲಿನಾಕೆ ನನ್ನ ಮುಖ ನೋಡಿದಳು, ಮಗಳ ಮುಖ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಅವಳಿಗೆ ಏನು ಹೊಳೆಯಿತೋ, ಹೊಳೆಯಿತೋ ಇಲ್ಲವೋ, ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಕೊನೆಗೆ ಗಂಟನ್ನು ನನ್ನತ್ತ ಚಾಚಿದಳು.

"ಹಿಡೀರಿ. ಅಯ್ಯೋ, ಹಂಗಲ್ಲ, ತಲೆ ಕೆಳಗೆ ಕೈ ಕೊಡಿ! ಎತ್ತಿ ಗೊತ್ತಿದ್ರೆ ತಾನೆ ನಿಮಗೆ!"

ತಲೆಯ ಕೆಳಗೆ ಕೈ ಕೊಟ್ಟೆ. ಅದು ಬೆಚ್ಚಗಿತ್ತು. ಕಣ್ಣು ತೆರೆಯದೆ, ಮುಖ ಸಿಂಡರಿಸಿ, ಬಾಯಿ ಅಗಲಿಸಿ, ಇಡೀ ಬೀದಿಗೆ ಕೇಳುವಂತೆ ಕಿರುಚಿತು. ನಾನು ಸುಮ್ಮನಿರಿಸಲು ಹೋಗಲಿಲ್ಲ.